ವಂದನಾರ್ಪಣೆಯ ಹೊತ್ತಿಗೆ

ನಮ್ಮ ಕಡೆ ಸಭೆಗಳಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ವಂದನಾರ್ಪಣೆಗೂ ಎಲ್ಲರೂ ಎದ್ದು ನಿಲ್ಲುತ್ತಾರೆ. ಮುಖ ಮಾತ್ರ ಬಾಗಿಲ ಕಡೆಗಿರುತ್ತದೆ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಸ ವಿಷಯವೇನಲ್ಲ. ಸ್ವತಃ ನಾನೇ ಎಷ್ಟೋ ಸಭೆಗಳಲ್ಲಿ ‘ಕೊನೆಯದಾಗಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಚಪ್ಪಲಿ ಹುಡುಕಿದವನು. ಹಾಗಿದ್ದೂ ನಮ್ಮ ಸಮಿತಿಯ ಬೆಳ್ಳಿಹಬ್ಬದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಾಗ, ಈ ಸಲ ಹಾಗಾಗಲಿಕ್ಕಿಲ್ಲ ಎಂದು ಯಾಕೋ ಅಂದುಕೊಂಡಿದ್ದೆ.

ಸಮಿತಿ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಲೆಟರ್‌ಹೆಡ್ಡಿನಲ್ಲಿ ‘ಸಾರ್ವಜನಿಕ ಹಿತಾಸಕ್ತಿ’ ಎಂಬ ಗಂಭೀರ ಪದವಿದೆ, ನಿಜ. ಆದರೆ ನಮ್ಮ ಹಿತಾಸಕ್ತಿಯೆಲ್ಲ ಮರ, ಫುಟ್‌ಪಾತ್, ಮೋರಿ, ಮತ್ತೆ ಮರ, ಇಷ್ಟರಲ್ಲೇ ಸುತ್ತುತ್ತದೆ. ಸದಸ್ಯರ ಸರಾಸರಿ ವಯಸ್ಸು ಹೇಳಿದರೆ ನಿಮಗೆ ನಗು ಬಂದೀತು. ಮೆರವಣಿಗೆ ಹೊರಟರೆ ಮೊದಲು ನೋಡುವುದು ದಾರಿಯಲ್ಲಿ ಕೂರಲು ಕಟ್ಟೆ ಇದೆಯೇ ಎಂದು.

ಅಂದು ಮುಖ್ಯ ಅತಿಥಿಗಳು ಸಿಂಧೂ ಕಣಿವೆಯ ಚರಂಡಿ ವ್ಯವಸ್ಥೆಯಿಂದ ಶುರು ಮಾಡಿದರು. ಅವರು ನಮ್ಮ ವಾರ್ಡಿನ ಚರಂಡಿಗೆ ಬಂದು ತಲುಪುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಯಾರೋ ಕೇಸರಿಬಾತಿನ ಡಬರಿಯ ಮುಚ್ಚಳ ತೆಗೆದರು. ತುಪ್ಪದ ಪರಿಮಳಕ್ಕೆ ಕಾರ್ಯಕ್ರಮದ ಪಟ್ಟಿ ಗೊತ್ತಾಗುವುದಿಲ್ಲ. ನಾನು ಮೈಕಿನ ಮುಂದೆ ನಿಂತು ಮೂರನೆಯ ಹೆಸರು ಓದುವಷ್ಟರಲ್ಲಿ ಸಭಾಂಗಣದಲ್ಲಿ ಉಳಿದವರು ಇಬ್ಬರು: ಒಬ್ಬರು ನಿದ್ದೆ ಹೋಗಿದ್ದರು, ಇನ್ನೊಬ್ಬರು ಮೈಕಿನವನು. ಅವನೂ ಕೈಗಡಿಯಾರ ನೋಡುತ್ತಿದ್ದ. ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನಾನೂ ಡಬರಿಯ ಕಡೆ ನಡೆದೆ. ಈಗ ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ನೀವು ಪುಟ ತಿರುಗಿಸಬಹುದು, ಆದರೆ ನಿಮ್ಮ ಬೆನ್ನು ನನಗೆ ಕಾಣುವುದಿಲ್ಲವಲ್ಲ, ಅದೇ ಸಮಾಧಾನ.

ಮನೆಗೆ ಬಂದು ಪಟ್ಟಿ ಬಿಡಿಸಿ ನೋಡಿದೆ. ವಂದನೆಯ ಪಟ್ಟಿ ಲಗ್ನಪತ್ರಿಕೆ ಇದ್ದ ಹಾಗೆ. ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಎರಡು ತಲೆಮಾರು ಮಾತು ನಿಲ್ಲುತ್ತದೆ. ಕಾರ್ಯದರ್ಶಿಗಳು ಅದನ್ನು ಚೆನ್ನಾಗಿ ಅರಿತವರು. ಅತಿಥಿಗಳು, ಅಧ್ಯಕ್ಷರು, ಹೂವು ಕೊಟ್ಟವರು, ಬ್ಯಾನರು ಮಾಡಿಸಿಕೊಟ್ಟವರು, ಆ ಬ್ಯಾನರಿನಲ್ಲಿ ತಮ್ಮ ಫೋಟೋ ಹಾಕಿಸಿಕೊಂಡವರು, ಎಲ್ಲರೂ ಇದ್ದರು. ನನ್ನಾಕೆ ಕನ್ನಡಕ ಏರಿಸಿಕೊಂಡು ಒಂದು ಸಲ ಓದಿ, “ರೀ, ಆ ಆಫೀಸಿನಲ್ಲಿ ಒಬ್ಬರು ನಿಮಗೆ ದಾರಿ ಹೇಳಿಕೊಟ್ಟರಲ್ಲ, ಅವರೆಲ್ಲಿ?” ಎಂದಳು.

ಅವರನ್ನು ಹೇಗೆ ಹಾಕುವುದು? ಮಾಹಿತಿ ಹಕ್ಕಿನ ಕಾಯ್ದೆ 2005ರಲ್ಲಿ ಬಂದಾಗ ನಮ್ಮ ಸಮಿತಿಗೆ ಯೌವನ ಮರಳಿ ಬಂದಂತಾಗಿತ್ತು. 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದೊಳಗೆ ಸರ್ಕಾರ ಉತ್ತರ ಕೊಡಬೇಕು ಎಂದರೆ ಪಿಂಚಣಿದಾರರಿಗೆ ಅದಕ್ಕಿಂತ ಅಗ್ಗದ ಕಾಲಕ್ಷೇಪ ಇನ್ನೇನಿದೆ? ಆಮೇಲೆ ನಮ್ಮ ರಾಜ್ಯದ ನಿಯಮಕ್ಕೊಂದು ತಿದ್ದುಪಡಿ ಬಂತು: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ನಮ್ಮ ಅರ್ಜಿಗಳನ್ನೆಲ್ಲ ಬರೆಯುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರರು. ನಾವು ಮೇಷ್ಟ್ರು ಎಂದೇ ಕರೆಯುವುದು. ‘ಕ್ಷೇಮ’ ಎಂದು ತಿಳಿಸಲು ಅವರಿಗೆ ಇನ್ನೂರು ಪದ ಬೇಕು. ಪಾಪ, ಪೆನ್ಸಿಲ್ ಹಿಡಿದು ಒಂದೊಂದೇ ವಿಶೇಷಣವನ್ನು ಹೊಡೆದುಹಾಕುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟು ಮಾಡಿಯೂ ‘ಏಕೆ’ ಎಂದು ಕೇಳಿದ ಅರ್ಜಿಗಳೆಲ್ಲ ವಾಪಸು ಬರುತ್ತಿದ್ದವು. ಒಂದು ದಿನ ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಗುಮಾಸ್ತರೊಬ್ಬರು ನಮ್ಮ ಕಡೆ ನೋಡದೆಯೇ, “ಯಾಕೆ ಅಂತ ಕೇಳಬೇಡಿ ಸಾರ್. ಆ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ ಅಂತ ಬರೀರಿ” ಎಂದು ಹೇಳಿ ಇಳಿದು ಹೋದರು. ಆಮೇಲಿನ ನಮ್ಮ ಅರ್ಧ ಗೆಲುವುಗಳು ಆ ಎರಡು ವಾಕ್ಯದವು. ಅವರ ಹೆಸರನ್ನು ಮೈಕಿನಲ್ಲಿ ಹೇಳಿದ್ದರೆ ಮರುದಿನವೇ ಅವರಿಗೆ ಎಲ್ಲಿಗೋ ವರ್ಗವಾಗುತ್ತಿತ್ತು. ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಕೃತಘ್ನರಾಗಿರುವುದು.

ಇನ್ನೊಬ್ಬರಿದ್ದಾರೆ, ಎದುರು ಮನೆಯ ಅಜ್ಜಿ. ಅವರ ಗೇಟಿನ ಮುಂದಿನ ಹೊಂಗೆ ಮರಕ್ಕೂ ಅವರಿಗೂ ಮೊದಲಿನಿಂದ ಆಗಿಬಂದಿಲ್ಲ. ಹೂ ಉದುರಿಸುತ್ತದೆ, ಎಲೆ ಉದುರಿಸುತ್ತದೆ, ರಂಗೋಲಿ ಹಾಳುಮಾಡುತ್ತದೆ ಎಂದು ಬೆಳಗಾದರೆ ಅದನ್ನು ಬೈಯುತ್ತಲೇ ಗುಡಿಸುತ್ತಾರೆ. ಮರ ಉಳಿಸಿ ಎಂಬ ಮನವಿಗೆ ಸಹಿ ಕೇಳಲು ಹೋದರೆ, “ಗುಡಿಸೋಳು ನಾನು, ಉಳಿಸೋರು ನೀವಾ?” ಎಂದು ಕಾಫಿ ಕೊಟ್ಟು ಕಳಿಸಿದ್ದರು. ಕೊಡಲಿ ಹಿಡಿದವರು ಬಂದ ದಿನ ನಮಗೆ ಮೊದಲು ಫೋನ್ ಮಾಡಿದವರು ಮಾತ್ರ ಅವರೇ. ನಾವು 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರತಿ, ಕನ್ನಡಕ, ಕೊಡೆ ಎಲ್ಲ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಅಜ್ಜಿ ಪೊರಕೆ ಹಿಡಿದು ಬುಡದಲ್ಲಿ ನಿಂತಿದ್ದರು. ವೃಕ್ಷ ಅಧಿಕಾರಿಯ ಅನುಮತಿ ಪತ್ರ ಎಲ್ಲಿ ಎಂದು ನಾವು ಕೇಳುವ ಅಗತ್ಯವೇ ಬೀಳಲಿಲ್ಲ. ಬೆಳ್ಳಿಹಬ್ಬಕ್ಕೆ ಕರೆದರೆ ಅವರು ಬರಲಿಲ್ಲ. ಮರದ ಎಲೆ ಗುಡಿಸಬೇಕಿತ್ತಂತೆ.

2016ರ ಅಕ್ಟೋಬರ್ 16ರ ಭಾನುವಾರವೂ ಹೀಗೇ ನೆನಪಾಗುತ್ತದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, 1,791 ಕೋಟಿ ರೂಪಾಯಿ, 812 ಮರಗಳು. ಅದು ಬೇಡ ಎಂದು ಚಾಲುಕ್ಯ ವೃತ್ತದಿಂದ ಮೇಖ್ರಿ ವೃತ್ತದ ತನಕ ಜನ ಸಾಲಾಗಿ ನಿಂತರು. ದಕ್ಷಿಣದ ತುದಿಯ ನಮಗೂ ಬಳ್ಳಾರಿ ರಸ್ತೆಗೂ ಏನು ನಂಟು ಎಂದು ಕೇಳಬಹುದು. ಮನೆಗೊಬ್ಬ ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಕಳಿಸಿದ ಬಸವನಗುಡಿಗೆ ವಿಮಾನ ನಿಲ್ದಾಣದ ದಾರಿಯಷ್ಟು ಹತ್ತಿರದ ದಾರಿ ಬೇರೆ ಇಲ್ಲ. ನಾವೂ ಹೋಗಿ ನಿಂತೆವು. ನನ್ನ ಪಕ್ಕದಲ್ಲಿದ್ದ ಹುಡುಗಿ, ಕಾಲೇಜಿನವಳಿರಬೇಕು, ಮೇಷ್ಟ್ರು ಬೆವರುವುದನ್ನು ನೋಡಿ ತನ್ನ ಭಿತ್ತಿಪತ್ರವನ್ನು ಅವರ ತಲೆಯ ಮೇಲೆ ನೆರಳಾಗಿ ಹಿಡಿದಿದ್ದಳು. ಘೋಷಣೆ ಆಕಾಶಕ್ಕೆ ಕಾಣುವಂತಿತ್ತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅವತ್ತು ನಿಂತ ಸಾವಿರಾರು ಜನರಿಗೆ ಯಾವ ಸಭಾಂಗಣದಲ್ಲಿ ಕೇಸರಿಬಾತು ಹಂಚುವುದು?

ಕೃತಜ್ಞತೆಯ ವಿಷಯದಲ್ಲಿ ನಮ್ಮ ಪೇಟೆಯವರಿಗೆ ಡಿವಿಜಿಯವರು ಹಾಕಿಕೊಟ್ಟ ಮೇಲ್ಪಂಕ್ತಿ ಬೇರೆ ಒಂದಿದೆ, ಅದು ಇನ್ನೂ ಕಷ್ಟ. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಈಗಲೂ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಸಾರ್ವಜನಿಕ ವಿಷಯ ಮಾತಾಡುವ ಮುಂಚೆ ಸ್ವಲ್ಪ ಓದಿಕೊಂಡಿರಬೇಕು ಎಂಬ ವಿಚಿತ್ರ ನಂಬಿಕೆ ಅವರದು. 1970ರಲ್ಲಿ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ 90,000 ರೂಪಾಯಿಯ ನಿಧಿ ಅರ್ಪಿಸಿದಾಗ, ಅಷ್ಟನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಸರ್ಕಾರದಿಂದ ಬಂದ ಎಷ್ಟೋ ಚೆಕ್ಕುಗಳನ್ನು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಈ ಕಥೆಯನ್ನು ನಮ್ಮ ಕಾರ್ಯದರ್ಶಿಗಳು ಸ್ವಾಗತ ಭಾಷಣದಲ್ಲಿ ಸ್ವಲ್ಪ ಒತ್ತಿಯೇ ಹೇಳಿದರು, ಅತಿಥಿಗಳ ಮುಖವನ್ನೇ ನೋಡುತ್ತ. ಅತಿಥಿಗಳು ಕಣ್ಣೊರೆಸಿಕೊಂಡರು. ಆಮೇಲೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಲಕೋಟೆ ಎಲ್ಲದರ ಸಮೇತ ಕಾರು ಹತ್ತಿದರು. ಡಿವಿಜಿಯವರೇ ಈಗ ಬ್ಯೂಗಲ್ ರಾಕಿನ ಪ್ರತಿಮೆಯಿಂದ ಇಳಿದು ತಮ್ಮ ಹೆಸರಿನ ರಸ್ತೆಗೆ ಬಂದರೆ, ಸಾಯಂಕಾಲದ ಹೊತ್ತು ಕಾಲಿಡಲು ಫುಟ್‌ಪಾತ್ ಹುಡುಕಿ ನಮ್ಮ ಸಮಿತಿಗೇ ದೂರು ಕೊಡಬೇಕಾದೀತು. ಸದಸ್ಯತ್ವ ಶುಲ್ಕ ಬಿಟ್ಟುಕೊಡಲು ನಾವು ಸಿದ್ಧ.

ಹೀಗೆ ನಾನು ಹೊಸ ಪಟ್ಟಿ ಮಾಡುತ್ತ ಜಗಲಿಯಲ್ಲಿ ಕುಳಿತಿದ್ದಾಗ ಶಾಮಿಯಾನದವನು ಬಾಕಿ ದುಡ್ಡಿಗೆ ಬಂದ. ಮೇಷ್ಟ್ರೂ ಇದ್ದರು. ಒಬ್ಬನಾದರೂ ಎದುರಿಗೆ ಸಿಕ್ಕನಲ್ಲ ಎಂದು ನಾನು ಎದ್ದು ನಿಂತು, ಸಮಿತಿಯ ಪರವಾಗಿ ಹೃತ್ಪೂರ್ವಕವಾಗಿ ವಂದಿಸಿದೆ. ಅವನು ಸಂಕೋಚದಿಂದ ತಲೆ ಕೆರೆದುಕೊಂಡು, “ಅದಿರ್ಲಿ ಸಾರ್. ಚಾಮರಾಜಪೇಟೆ ನಮ್ಮ ಗೋಡೌನ್ ಮುಂದೆ ರೋಡ್ ಅಗೆದು ಹಂಗೇ ಬಿಟ್ಟವ್ರೆ. ಕುರ್ಚಿ ಗಾಡಿ ಒಳಗೆ ಹೋಗಲ್ಲ. ಒಂದು ಅರ್ಜಿ ಬರ್ಕೊಡ್ತೀರಾ?” ಎಂದ.

ಮೇಷ್ಟ್ರು ಆಗಲೇ ಪೆನ್ಸಿಲ್ ತೆಗೆದಿದ್ದರು. “ಯಾಕೆ ಅಂತ ಕೇಳಬಾರದು, ಟಿಪ್ಪಣಿ ಹಾಳೆ ಕೇಳಬೇಕು” ಎಂದು ಅವನಿಗೆ ಪಾಠ ಶುರುಮಾಡಿದರು. ಎರಡನೆಯ ಸುತ್ತಿನ ಕಾಫಿ ಬರುವಷ್ಟರಲ್ಲಿ ಪೀಠಿಕೆಯೇ ನೂರು ಪದ ದಾಟಿತ್ತು. ಶಾಮಿಯಾನದವನು ಸಮಾಧಾನವಾಗಿ ಲೋಟ ಕೆಳಗಿಟ್ಟು, “ನಿಧಾನಕ್ಕೆ ಬರೀರಿ ಸಾರ್. ಹತ್ತು ರೂಪಾಯಿ ಫೀಸು ನನ್ನ ಬಾಕಿಯಲ್ಲಿ ಮುರ್ಕೊಳ್ಳಿ” ಎಂದ.