ಸಭೆ ಸಾಂಗವಾಗಿ ನೆರವೇರಿತು: ಸಮಿತಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಪೂರಿಗಾಲಿ ಮೊದಲ್ಗೊಂಡು ಮಳವಳ್ಳಿ, ಮದ್ದೂರು, ಮಂಡ್ಯ ಸೀಮೆಯ ಸಕಲ ಸಭೆ-ಸಮಿತಿಗಳ ಮಾನ್ಯ ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗಳಿಗೆ,

ಸಭೆ ಶುರುವಾಗುವುದು ನೋಟಿಸಿನಿಂದ. ಅದನ್ನು ಪಂಚಾಯಿತಿ ಬೋರ್ಡಿನಲ್ಲಿ ಹಳೆಯ ಟೆಂಡರ್ ಪ್ರಕಟಣೆಯ ಅಡಿಗೆ ಸಿಕ್ಕಿಸಿದರೆ ಸಾಕು. ತಮಟೆ ಹೊಡೆಸಿ ಸಾರಿದರೆ ಜನ ಬಂದುಬಿಡುವ ಅಪಾಯವುಂಟು. ಕಬ್ಬು ಕಟಾವಿನ ಕಾಲ, ಬೆಳಿಗ್ಗೆ ಹನ್ನೊಂದು ಗಂಟೆ, ಪ್ರಶಸ್ತ ಮುಹೂರ್ತ.

ಮುಂದಿನದು ಕೋರಂ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಶೇ 30ರಷ್ಟು ಮಹಿಳೆಯರೂ ಇರಬೇಕು. ಜನ ಸಭೆಗೆ ಬಾರದಿದ್ದಲ್ಲಿ ಹಾಜರಿ ಪುಸ್ತಕವೇ ಜನರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಕಾಯ್ದೆಗೆ ಭಂಗವಿಲ್ಲ, ಕುರ್ಚಿ ಬಾಡಿಗೆಯೂ ಉಳಿಯಿತು.

ಚರ್ಚೆಯ ಹೊತ್ತಿಗೆ ರೈತನೊಬ್ಬ ಎದ್ದು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗಕ್ಕೆ ನೀರು ಯಾವಾಗ ಎಂದು ಕೇಳುವುದು ವಾಡಿಕೆ. ನೀರು ಬಿಡುವುದು ನೀರಾವರಿ ಸಲಹಾ ಸಮಿತಿಗೆ ಬಿಟ್ಟದ್ದು ಎಂದು ವೇದಿಕೆಯಿಂದ ಉತ್ತರ ಬರುತ್ತದೆ. ಸಮಿತಿ ಕೆಆರ್‌ಎಸ್ ಮಟ್ಟ ನೋಡುತ್ತದೆ. ಅಣೆಕಟ್ಟು 124.80 ಅಡಿ ತುಂಬಿದ ವರ್ಷವೂ ಎದ್ದು ನಿಲ್ಲುವವನು ಅವನೇ, ಪ್ರಶ್ನೆಯೂ ಅದೇ. ‘ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು’ ಎಂದರೆ ಚರ್ಚೆ ಮುಗಿದಂತೆ. ಅಷ್ಟರಲ್ಲಿ ಟೀ ಬಂದಿರುತ್ತದೆ.

ನಡಾವಳಿ ಬರೆಯಲು ಒಂದೇ ವಾಕ್ಯ ಬೇಕು: ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಬರಹಕ್ಕೂ ಸಹಿಗೂ ನಡುವೆ ನಾಲ್ಕು ಗೆರೆ ಖಾಲಿ ಬಿಡುವುದು ದೂರದೃಷ್ಟಿ. ಸಭೆಯಲ್ಲಿ ಯಾರ ಬಾಯಲ್ಲೂ ಬಾರದ ಚರಂಡಿ, ಮೋರಿ, ಸಿಸಿ ರಸ್ತೆಗಳು ಆಮೇಲೆ ಬಂದು ಅಲ್ಲಿ ಕೂರುತ್ತವೆ. ಆದ್ದರಿಂದಲೇ ನಡಾವಳಿಯನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ಖಾಲಿ ಜಾಗಕ್ಕೆ ಗೀಟು ಎಳೆದು ಸಹಿ ಹಾಕಿಸುವ ಕಾರ್ಯದರ್ಶಿಯನ್ನು ಅನುಭವವಿಲ್ಲದವನೆಂದು ಹೇಳಲಾಗುತ್ತದೆ.

ಉಳಿದದ್ದು ಅನುಪಾಲನಾ ವರದಿ. ಹೋದ ಸಲ ಏನು ತೀರ್ಮಾನವಾಗಿತ್ತು, ಯಾರು ಮಾಡಬೇಕಿತ್ತು, ಯಾವ ತಾರೀಖಿನೊಳಗೆ, ಆಯಿತೋ ಇಲ್ಲವೋ, ಇಷ್ಟೇ ಅದರ ಒಡಲು. ಇದನ್ನು ಮೊದಲು ಓದಿಸಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ, ಖರ್ಚೂ ಇಲ್ಲ. ಬಹುಶಃ ಖರ್ಚಿಲ್ಲವೆಂದೇ ಅದು ಅಜೆಂಡಾದಲ್ಲಿ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯ’ಗಳ ಹಿಂದೆ, ವಂದನಾರ್ಪಣೆಗೆ ತುಸು ಮುಂಚೆ, ಜನ ಎದ್ದು ಹೋದ ಮೇಲೆ ಬರುತ್ತದೆ.

ಮುಂದಿನ ಸಭೆಯಲ್ಲಿ ಅದನ್ನೇ ಒಂದನೇ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಕೋರಲಾಗಿದೆ.

ಇಂತಿ,
ಹಾಜರಿ ಪುಸ್ತಕದಲ್ಲಿ ಸಹಿಯಿರುವ ಮತದಾರರು