ಸರಾಸರಿ ಮಾಸ್ತರನ ಲೈಟ್ ಬಿಲ್ಲು

ಹಾನಗಲ್ಲಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿದವನು ನಾನು. ಸರಾಸರಿ ಕಲಿಸುವಾಗ ಕ್ರಿಕೆಟ್ಟಿನ ರನ್ನು, ಮಳೆಯ ಮಿಲಿಮೀಟರು, ಗೋವಿನಜೋಳದ ಇಳುವರಿ ಎಲ್ಲವನ್ನೂ ಕೂಡಿಸಿ ಭಾಗಿಸಿದ್ದೇನೆ. ಆದರೆ ಈ ಸರಾಸರಿ ಎಂಬುದು ಒಂದು ದಿನ ನನ್ನ ಮನೆಗೇ ಬಂದು, ಹೆಂಡತಿಯ ಪಕ್ಷ ಹಿಡಿದು ಕೂಡುತ್ತದೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿರಲಿಲ್ಲ.

ಮೊದಲು ನನ್ನ ಚಾಳಿ ಹೇಳಿಬಿಡುತ್ತೇನೆ. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದೇ ಲೈಟ್ ಆರಿಸಲಿಕ್ಕೆ. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂಬುದು ಆಮೇಲಿನ ಮಾತು. ಒಮ್ಮೆ ಅವ್ವ ಪೂಜೆಗೆ ಕೂತಿದ್ದಾಗ ದೇವರ ಮನೆಯ ಬಲ್ಬು ಆರಿಸಿದೆ. "ದೇವರಿಗೆ ಕತ್ತಲ್ಯಾಗೂ ಕಾಣ್ತೈತೋ ತಮ್ಮಾ, ನನಗ ಕಾಣಂಗಿಲ್ಲ" ಎಂದಳು. ಮಗ ಕೊಡಿಸಿದ ಫ್ರಿಜ್ಜು ನಮ್ಮಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಫ್ರಿಜ್ಜು. ಉಳಿದ ಹತ್ತು ತಿಂಗಳು ಹಪ್ಪಳ, ಸಂಡಿಗೆ ಇಡುವ ಕಪಾಟು. ನೆಂಟರು ಬಂದಾಗ ಫ್ಯಾನಿನ ಕೆಳಗೆ ಕೂಡಿಸುತ್ತೇನೆ, ಹಚ್ಚುವುದನ್ನು ಮರೆಯುತ್ತೇನೆ. ಈ ಮರೆವು ನನಗೆ ಎಂದೂ ತಪ್ಪಿಲ್ಲ.

ಇಂಥ ನನಗೆ 2023ರ ಜೂನ್ 18ರಂದು ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯ ನೋಂದಣಿ ಸುರುವಾದಾಗ ಹಿಡಿಸಲಾರದಷ್ಟು ಖುಷಿ. ತಿಂಗಳಿಗೆ 200 ಯೂನಿಟ್ ಕರೆಂಟು ಪುಕ್ಕಟೆ! ಆಧಾರ್ ಕಾರ್ಡು, ಹಳೇ ಬಿಲ್ಲು ಹಿಡಿದು ಪಾಳಿ ಹಚ್ಚಿದೆ. ಬಿಲ್ಲು ಇನ್ನೂ ಅಪ್ಪನ ಹೆಸರಿನಲ್ಲೇ ಬರುತ್ತದೆ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾದರೂ ತಿಂಗಳಿಗೊಮ್ಮೆ ಅವನ ಹೆಸರು ಕರೆದು ಬಿಲ್ಲು ಕೊಟ್ಟು ಹೋಗುವುದು ಕೆಇಬಿಯವರು ಮಾತ್ರ. (ಕೆಇಬಿ ಎಂಬ ವಿದ್ಯುತ್ ಮಂಡಳಿ 1999ರಲ್ಲೇ ಹೋಯಿತು, ಕೆಪಿಟಿಸಿಎಲ್ ಬಂತು, 2002ರಲ್ಲಿ ಈ ಕಡೆಯ ಏಳು ಜಿಲ್ಲೆಗೆ ಹೆಸ್ಕಾಂ ಎಂಬ ಸರಬರಾಜು ಕಂಪನಿ ಆಯಿತು. ನಮ್ಮ ಓಣಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.)

ಆಗಸ್ಟ್ 5ಕ್ಕೆ ಕಲಬುರಗಿಯಲ್ಲಿ ಮುಖ್ಯಮಂತ್ರಿಗಳು ಯೋಜನೆಗೆ ಚಾಲನೆ ಕೊಟ್ಟರು. ನಮ್ಮ ಮನೆಗೂ ಬಿಲ್ಲು ಬಂತು. ಕನ್ನಡಕ ಏರಿಸಿ ಓದಿದೆ. ನನ್ನ ಹಕ್ಕಿನ ಯೂನಿಟ್ಟು: 34.

ಮುದ್ರಣದೋಷ ಇರಬೇಕು ಅಂದುಕೊಂಡೆ. ಇರಲಿಲ್ಲ. 200 ಎಂಬುದು ಗರಿಷ್ಠ ಮಿತಿ. ಒಬ್ಬೊಬ್ಬರಿಗೆ ಸಿಗುವುದು 2022-23ರಲ್ಲಿ ಅವರು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಾರೋ ಅಷ್ಟು, ಮೇಲೆ ಶೇಕಡಾ 10. ನಾನು ಆ ವರ್ಷ ಸುಟ್ಟದ್ದು 372 ಯೂನಿಟ್. ಹನ್ನೆರಡರಿಂದ ಭಾಗಿಸಿದರೆ 31. ಶೇಕಡಾ 10 ಅಂದರೆ 3.1. ಒಟ್ಟು 34.

"ಲೆಕ್ಕ ಬರೋಬ್ಬರಿ ಐತೇನ್ರೀ?" ಎಂದಳು ನಮ್ಮಾಕೆ, ಬಾಗಿಲ ಚೌಕಟ್ಟಿಗೆ ಆತು ನಿಂತು. ಗಣಿತದ ಮಾಸ್ತರ ಹೇಗೆ ಇಲ್ಲ ಅಂದಾನು?

ಸಂಜೆ ಶಿಗ್ಗಾಂವಿಯಿಂದ ಅವಳ ತಮ್ಮನ ಫೋನು. ಅವನ ಮನೆಯಲ್ಲಿ ಟಿವಿ ನೋಡುವವರಿಲ್ಲದೆಯೂ ಟಿವಿ ನಡೆಯುತ್ತದೆ; ಅಂಗಳದ ಲೈಟನ್ನು ಬೆಳಗಾದರೂ ಯಾರೂ ಆರಿಸುವುದಿಲ್ಲ. ಹತ್ತು ವರ್ಷದಿಂದ ನಾನು ಅವನಿಗೆ ಬುದ್ಧಿ ಹೇಳುತ್ತಿದ್ದೆ. "ಮಾವಾರ, ನಮ್ಮ ಸರಾಸರಿ 160 ಐತಂತ್ರಿ. 176 ಫ್ರೀ ಬಂದಾವು. ನಿಮಗೆಷ್ಟ್ರಿ?" ಲೈನು ಕಟ್ಟಾಯಿತು ಅಂತ ಹೇಳಿ ಫೋನಿಟ್ಟೆ. ಲೈನು ಕಟ್ಟಾಗಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ತಡಕೊಳ್ಳುತ್ತಿದ್ದೆ. ಮಗ ನೌಕರಿಗೆಂದು ಹಿರೇಕೆರೂರಿಗೆ ಹೋಗಿ ಹೊಸದಾಗಿ ಕಟ್ಟಿದ ಬಾಡಿಗೆ ಮನೆ ಹಿಡಿದಿದ್ದ. ಆ ಮನೆಗೆ 2022-23ರ ಲೆಕ್ಕವೇ ಇಲ್ಲ. ಅಂಥವರಿಗೆ ರಾಜ್ಯದ ಸರಾಸರಿ 53 ಹಿಡಿದು, ಶೇಕಡಾ 10 ಸೇರಿಸಿ 58 ಯೂನಿಟ್ ಕೊಡಬೇಕೆಂದು ಸರಕಾರ ಹೇಳಿತ್ತು. ಹೀಗಾಗಿ ಯಾವ ಚರಿತ್ರೆಯೂ ಇಲ್ಲದ ಮನೆಗೆ 58. ಮೂವತ್ತು ವರ್ಷ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತ ಮನೆಗೆ 34. ನಮ್ಮ ಮನೆ ಇವತ್ತೇ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

"ಆ ವರ್ಷ ಫ್ರಿಜ್ ಹಚ್ಚರಿ ಹಚ್ಚರಿ ಅಂತ ಬಡಕೊಂಡೆ" ಎಂದಳು ಆಕೆ. ಮುಂದೆ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನಾನು ಸುಮ್ಮನೆ ಕೂಡುವವನಲ್ಲ. ಗ್ರಾಹಕನ ಹಕ್ಕು ಏನೇನಿವೆ ನೋಡಿಯೇಬಿಡೋಣ ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆ, 2020ರ ಗ್ರಾಹಕರ ಹಕ್ಕುಗಳ ನಿಯಮಾವಳಿ ಎರಡನ್ನೂ ಪ್ರಿಂಟು ಹಾಕಿಸಿಕೊಂಡು ಬಂದೆ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿ ಅರ್ಥ ಹೇಳತೊಡಗಿದೆ. ಮನೆಮಂದಿಗೂ ತಿಳಿವಳಿಕೆ ಬರಲಿ ಎಂಬ ಆಸೆ. ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಕಲಂ 56: ಬಾಕಿ ಇದೆಯೆಂದು ಕರೆಂಟು ಕಡಿಯಬೇಕಾದರೆ ಹದಿನೈದು ಪೂರ್ಣ ದಿನಗಳ ಲಿಖಿತ ನೋಟಿಸು ಕೊಡಲೇಬೇಕು.

ಮರುದಿನ ಮಧ್ಯಾಹ್ನ ಅವಳು ಧಾರಾವಾಹಿ ನೋಡುವಾಗ ಫ್ಯಾನು ಆರಿಸಲು ಕೈ ಎತ್ತಿದೆ.

"ನೋಟಿಸ್ ಎಲ್ಲೈತ್ರಿ?" ಎಂದಳು, ಟಿವಿಯಿಂದ ಕಣ್ಣು ತೆಗೆಯದೆ.

"ಯಾವ ನೋಟಿಸು?"

"ಹದಿನೈದು ದಿನದ್ದು. ಬರದ ಕೊಡ್ರಿ. ಬಾಯಿಲೆ ಹೇಳಿದ್ದು ನಡಿಯೂದಿಲ್ಲಂತ ನೀವ ಓದಿದ್ರೆಲ್ಲ."

ಅವತ್ತಿನಿಂದ ಮನೆಯಲ್ಲಿ ನಾನು ಸರಬರಾಜು ಕಂಪನಿ, ಅವಳು ಗ್ರಾಹಕಿ. ದರ ಏರಿಸುವ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿ, ಆಕ್ಷೇಪಣೆ ಕರೆದು, ಸಾರ್ವಜನಿಕ ವಿಚಾರಣೆ ನಡೆಸುತ್ತದೆ ಎಂದು ಓದಿದ್ದೇ ತಪ್ಪಾಯಿತು. ಇಸ್ತ್ರಿ ವಾರಕ್ಕೊಮ್ಮೆ ಮಾತ್ರ ಎಂಬ ನನ್ನ ಹಳೇ ಆದೇಶವನ್ನು ವಿಚಾರಣೆ ಇಲ್ಲದೆ ಹೊರಡಿಸಿದ್ದೆಂದು ರದ್ದು ಮಾಡಿದಳು. ಕಂಪನಿಯೇ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ರಚಿಸಬೇಕು ಎನ್ನುತ್ತದೆ ಕಲಂ 42. ಅಲ್ಲಿ ನ್ಯಾಯ ಸಿಗದಿದ್ದರೆ ಆಯೋಗ ನೇಮಿಸಿದ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು.

"ಒಂಬತ್ತ ಮಂದಿನಾ?" ಎಂದಳು ಅವ್ವ, ಒಳಗಿನಿಂದ.

"ಒಂಬತ್ತು ಅಲ್ಲವ್ವಾ, ಒಬ್ಬರ. ಎಲ್ಲಾರ ಮ್ಯಾಲಿನವರು."

"ಹಂಗಾದ್ರ ನಾನ. ಫ್ಯಾನ್ ಹಚ್ಚು."

ತೀರ್ಪು ಅಂದರೆ ಅದು. ಆರು ಸೆಕೆಂಡಿನಲ್ಲಿ ಬಂತು.

ಕಲಂ 56ರಲ್ಲೇ ಇನ್ನೊಂದು ಉಪಕಲಮಿದೆ. ಬಾಕಿ ಹಣ ಮೊದಲ ಸಲ ಕೊಡಬೇಕಾಗಿ ಬಂದ ದಿನದಿಂದ ಎರಡು ವರ್ಷ ಕಳೆದರೆ ಅದನ್ನು ವಸೂಲು ಮಾಡುವಂತಿಲ್ಲ. ಇದನ್ನು ಓದಿ ನನಗೆ ಜೀವ ಬಂದಂತಾಯಿತು. ಆ ಕಾಯ್ದೆ ಬಂದ 2003ರಲ್ಲೇ ನಾನು ಅವಳಿಗೆ ಒಂದು ಇಳಕಲ್ ಸೀರೆ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆ. "ನೋಡು, ಎರಡು ವರ್ಷ ದಾಟಿದ್ದನ್ನ ಕೇಳೂ ಹಂಗಿಲ್ಲ. ಕಾಯ್ದೇನ ಹೇಳ್ತೈತಿ" ಎಂದೆ. ಅವಳು ಕಾಗದ ಕಸಿದುಕೊಂಡು ಮುಂದಿನ ಸಾಲು ಓದಿಸಿದಳು. ಬಾಕಿಯನ್ನು ಬಿಟ್ಟೂ ಬಿಡದೆ ಬಿಲ್ಲಿನಲ್ಲಿ ತೋರಿಸುತ್ತ ಬಂದಿದ್ದರೆ ಈ ಎರಡು ವರ್ಷದ ಮಾತು ಲಾಗೂ ಇಲ್ಲ.

"ಪ್ರತಿ ದೀಪಾವಳಿಗೆ ತೋರಿಸೇನಿ. ಇಪ್ಪತ್ತ ದೀಪಾವಳಿ ಆದುವು. ಒಂದೂ ಬಿಟ್ಟಿಲ್ಲ."

ಕಾಯ್ದೆ ಬರೆದವರ ಮನೆಯಲ್ಲೂ ಇಂಥ ಒಂದು ಸೀರೆ ಬಾಕಿ ಇದ್ದಿರಬೇಕು.

ಇತ್ತ ಸೆಪ್ಟೆಂಬರಿನ ಬಿಲ್ಲಿನಲ್ಲಿ 52 ಯೂನಿಟ್ ತೋರಿಸಿತು. 34 ಕಳೆದರೆ 18 ಹೆಚ್ಚು. ಆ ವರ್ಷದ ದರ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ. 85 ರೂಪಾಯಿ 50 ಪೈಸೆ, ಮೇಲೆ ತೆರಿಗೆ. ದುಡ್ಡಿಗಿಂತ ಮರ್ಯಾದೆಯ ಪ್ರಶ್ನೆ. ನಾನು ಕಾವಲಿದ್ದ ಮನೆಯಲ್ಲಿ 18 ಯೂನಿಟ್ ಕಳುವಾಗಿದೆ! ಫ್ರಿಜ್ಜಿನಲ್ಲಿ ಹಪ್ಪಳ ಹಾಗೇ ಇತ್ತು. ಮೀಟರೇ ಜೋರು ಓಡುತ್ತಿದೆ, ಬೇರೆ ಮಾತಿಲ್ಲ ಎಂದು ತೀರ್ಮಾನಿಸಿದೆ.

ನಮ್ಮ ಮೀಟರು ಹೊರಗಿನ ಕಟ್ಟೆಯ ಗೋಡೆಯ ಮೇಲಿದೆ. ಅದರಲ್ಲೊಂದು ಸಣ್ಣ ಕೆಂಪು ದೀಪ. ಅದು 3200 ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಮೀಟರಿನ ಮೈಮೇಲೇ ಬರೆದಿದೆ. ಸ್ಟೂಲು ಹಾಕಿಕೊಂಡು, ಗಡಿಯಾರ ಹಿಡಿದು, ಎರಡು ಸಂಜೆ ಎಣಿಸಿದೆ. ಹಾದಿಯಲ್ಲಿ ಹೋಗುವವರು ನಿಂತು ಕೈ ಮುಗಿದು ಹೋದರು. ಮಾಸ್ತರು ಯಾವುದೋ ಜಪಕ್ಕೆ ಕೂತಿದ್ದಾರೆ ಅಂದುಕೊಂಡಿರಬೇಕು. ಎಣಿಕೆಯಿಂದ ಏನೂ ಸಿಗಲಿಲ್ಲ. ಆದರೂ ಮೂರು ಪುಟದ ಅರ್ಜಿ ಬರೆದೆ. ಅದರಲ್ಲಿ ನಾಲ್ಕು ಕಲಮು, ಎರಡು ನಿಯಮ, ಒಂದು ಗ್ರಾಫು. ಪರೀಕ್ಷೆಯ ಶುಲ್ಕ ಕಟ್ಟಿ ಬಂದೆ.

ಪರೀಕ್ಷೆಗೆ ಬಂದ ಹುಡುಗ ನನ್ನ ಹಳೇ ವಿದ್ಯಾರ್ಥಿ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಪೆಟ್ಟಿಗೆ ತೆಗೆದು, ವೈರು ಜೋಡಿಸಿ, ಎರಡು ಸಲ ನೋಡಿದ.

"ಸರ, ಮೀಟರ್ ಬರೋಬ್ಬರಿ ಐತ್ರಿ."

"ಇನ್ನೊಮ್ಮೆ ನೋಡಪಾ."

"ನಿಮ್ಮ ಕಡೇನ ಲೆಕ್ಕ ಕಲ್ತೀನ್ರಿ ಸರ. ತಪ್ಪಂಗಿಲ್ಲ."

ಚಹಾ ಕುಡಿದು ಹೋದ. ಚಹಾ ಕೊಡುವಾಗ ನಮ್ಮಾಕೆ ನೆಲ ನೋಡುತ್ತಿದ್ದಳು. ನಾನು ಅದನ್ನು ಸಂಕೋಚ ಅಂದುಕೊಂಡೆ.

ಎರಡು ದಿನದ ಮೇಲೆ ಬೆಳಿಗ್ಗೆ ಎಂದಿನಂತೆ ಆನೆಕೆರೆಯ ಕಡೆ ವಾಕಿಂಗಿಗೆ ಹೊರಟೆ. ಅರ್ಧ ಹಾದಿಯಲ್ಲಿ ಮಳೆ ಬಂತು, ತಿರುಗಿ ಬಂದೆ. ಕಟ್ಟೆ ಏರುವಾಗ ಕಣ್ಣು ಮೀಟರಿನತ್ತ ಹೋಯಿತು. ಕೆಂಪು ದೀಪ ಹುಚ್ಚು ಹಿಡಿದಂತೆ ಕಣ್ಣು ಹೊಡೆಯುತ್ತಿತ್ತು. ಎಣಿಸಿದೆ, ನಿಮಿಷಕ್ಕೆ 80. ಗುಣಿಸಿದೆ, ಗಂಟೆಗೆ 4800. 3200ರಿಂದ ಭಾಗಿಸಿದೆ, ಒಂದೂವರೆ ಯೂನಿಟ್. ಹೊಯ್ಯುವ ಮಳೆಯಲ್ಲಿ ನಿಂತು ಇಷ್ಟು ಲೆಕ್ಕ ಮಾಡಿದವನು ಒಳಗೆ ಓಡಿದೆ. ಬಚ್ಚಲಲ್ಲಿ ಒಂದು ಬಕೆಟ್ಟು. ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡು. 1500 ವ್ಯಾಟಿನದು.

"ಇದು ಯಾವಾಗಿಂದ?"

"ಫ್ರೀ ಆದಾಗಿಂದ" ಎಂದಳು ಆಕೆ, ಸುಳ್ಳು ಹೇಳುವ ಗೋಜಿಗೇ ಹೋಗದೆ. "ಮಳಿಗಾಲದಾಗ ಕಟಗಿ ಹಸೀ ಇರ್ತಾವು. ನೀವು ವಾಕಿಂಗ್ ಹೋದಾಗ ಹಚ್ತೀನಿ, ಬರೂದರಾಗ ತಗೀತೀನಿ. ಹೆಚ್ಚಿಲ್ಲ, ಒಂದ ಗಳಿಗಿ."

ಒಂದು ಗಳಿಗೆ ಅಂದರೆ 24 ನಿಮಿಷ. ಒಂದೂವರೆ ಕಿಲೋವ್ಯಾಟು, 24 ನಿಮಿಷ, ದಿನಕ್ಕೆ 0.6 ಯೂನಿಟ್. ಮೂವತ್ತು ದಿನಕ್ಕೆ 18. ಉತ್ತರ ತಾಳೆಯಾಯಿತು. ಇಷ್ಟು ಚಂದ ತಾಳೆಯಾದ ಲೆಕ್ಕ ಮೂವತ್ತೆರಡು ವರ್ಷದಲ್ಲಿ ಬೋರ್ಡಿನ ಮೇಲೂ ಆಗಿರಲಿಲ್ಲ.

"ಅಲ್ಲ, ಅವ್ವಗ, ನಿನಗ ಇಷ್ಟ ಬಿಸಿನೀರು ಯಾಕ ಬೇಕು?" ಎಂದು ದನಿ ಏರಿಸಿದೆ.

"ನಮಗೆಲ್ಲೆ? ನಾವು ಒಲಿ ಮ್ಯಾಲಿನ ಹಂಡೇದಾಗಿನ ನೀರ ಹಾಕ್ಕೊಂತೀವಿ. ಇದು ನಿಮ್ಮ ಬಕೆಟ್ ರೀ."

ಗೋಡೆ ಹಿಡಿದು ಕೂತೆ. ಎರಡು ತಿಂಗಳಿಂದ ಆನೆಕೆರೆಯ ದಂಡೆಯ ಮೇಲೆ ಗೆಳೆಯರಿಗೆಲ್ಲ ನಾನು ಭಾಷಣ ಮಾಡುತ್ತಿದ್ದೆ: ಹಂಡೆಯ ನೀರಿನ ಹಿತ ಕರೆಂಟಿನ ನೀರಿಗೆ ಬರುವುದಿಲ್ಲ, ಕಟ್ಟಿಗೆಯ ಹೊಗೆಯ ವಾಸನೆ ಮೈಗೆ ಒಳ್ಳೆಯದು, ನನ್ನನ್ನು ನೋಡಿರಿ. ಅವರು ನೋಡುತ್ತಿದ್ದರು. ಆ 18 ಯೂನಿಟ್ಟಿನಲ್ಲಿ ಮಿಂದು ಬಂದ ಮೈಯನ್ನು.

ಆಮೇಲೆ ಆ ವಿಷಯ ಮನೆಯಲ್ಲಿ ಎತ್ತಿದವರಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. 2024ರ ಜನವರಿಯಲ್ಲಿ ಸಚಿವ ಸಂಪುಟ ನನ್ನಂಥವರ ಮೇಲೆ ಕರುಣೆ ತೋರಿ, ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ಟೇ ಹೆಚ್ಚಿಗೆ ಕೊಡಲು ಒಪ್ಪಿತು. 31ಕ್ಕೆ 10 ಕೂಡಿ 41 ಆಯಿತು. ಮರುತಿಂಗಳೇ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು: ಮೀಟರಿನ ಮೇಲೆ ದೂರು ಕೊಟ್ಟರೆ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರು ಕೂಡಿಸಿ, ಕಡಿಮೆಯೆಂದರೂ ಮೂರು ತಿಂಗಳು ತಾಳೆ ನೋಡಬೇಕು. ನಾಲ್ಕು ತಿಂಗಳು ತಡವಾಗಿ ದೂರು ಕೊಟ್ಟಿದ್ದರೆ ನನ್ನ ಬಕೆಟ್ಟಿಗೆ ಎರಡೆರಡು ಸಾಕ್ಷಿ ಇರುತ್ತಿದ್ದವು.

ಸವಣೂರಿನ ಅಕ್ಕನ ಕತೆ ಬೇರೆಯೇ. ಅವಳದು ಹದಿನಾಲ್ಕು ಮಂದಿಯ ಕೂಡು ಕುಟುಂಬ. ಸರಾಸರಿ 186, ಶೇಕಡಾ 10 ಸೇರಿಸಿದರೆ 200 ದಾಟುತ್ತದೆ, ಆದ್ದರಿಂದ 200ಕ್ಕೇ ನಿಲ್ಲಿಸಿದ್ದಾರೆ. ಒಂದು ಯೂನಿಟ್ ಮೀರಿದರೂ ಮೀರಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲು ಬೀಳುತ್ತದೆ. ಹೋದ ಬೇಸಿಗೆಯಲ್ಲಿ ಫೋನು ಮಾಡಿದಳು: "ತಮ್ಮಾ, 197 ಆಗೈತಿ. ರೀಡಿಂಗಿಗೆ ಇನ್ನ ಎರಡ ದಿನ ಐತಿ. ನಿಮ್ಮಲ್ಲಿಗೆ ಬರ್ತೀವಿ." ಬಂದರು. ಎರಡು ಕಿಲೋ ಸವಣೂರು ಖಾರಾ, ಒಂದು ಕಟ್ಟು ವೀಳ್ಯದೆಲೆ, ಒಂಬತ್ತು ಮೊಬೈಲ್ ಚಾರ್ಜರು. ಎಲ್ಲ ಫ್ಯಾನು ಹಚ್ಚಿದರು. ನಾನು ಒಂದೂ ಆರಿಸಲಿಲ್ಲ. ನೋಟಿಸು ಕೊಡಲು ಹದಿನೈದು ದಿನ ಬೇಕು, ಅವರು ಇದ್ದದ್ದು ಎರಡು ದಿನ.

ಫ್ರಿಜ್ಜಿನ ತಕರಾರು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಜೂನ್ ಒಂದಕ್ಕೆ ಎಂದಿನಂತೆ ಪ್ಲಗ್ಗು ತೆಗೆದು ಹಪ್ಪಳ ತುಂಬಿದೆ. ಮರುದಿನ ಅದರ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ನಮ್ಮಾಕೆಯ ದುಂಡು ಅಕ್ಷರ. ಕೆಳಗೆ ಓಂಬುಡ್ಸ್‌ಮನ್ ಹೆಬ್ಬೆಟ್ಟು. ಹದಿನೈದು ಪೂರ್ಣ ದಿನದೊಳಗೆ ಫ್ರಿಜ್ಜಿಗೆ ಕರೆಂಟು ಕೊಟ್ಟು, 2003ರ ಸೀರೆಯ ಬಾಕಿ ತೀರಿಸದಿದ್ದರೆ ಸಂಜೆ ನಾಲ್ಕರ ಚಹಾ ಸರಬರಾಜು ಕಡಿತಗೊಳಿಸಲಾಗುವುದು.

ಇವತ್ತಿಗೆ ಹದಿಮೂರನೇ ದಿನ. ಇಳಕಲ್ ಸೀರೆ ಈಗ ಎಷ್ಟಕ್ಕೆ ಬರುತ್ತದೆಂದು ಗೊತ್ತಿದ್ದವರು ದಯಮಾಡಿ ನಾಲ್ಕು ಗಂಟೆಯ ಒಳಗೆ ತಿಳಿಸಬೇಕು.