ಜಾಕ್ ಮಾವ

ಸಿರುಗುಪ್ಪ ತಾಲ್ಲೂಕಿನ ಭತ್ತದ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಅಂಥವನೊಬ್ಬ ಇದ್ದೇ ಇರುತ್ತಾನೆ. ದೇಶನೂರಿನಲ್ಲಿ ಅವನ ಹೆಸರು ಜಾಕ್ ಮಾವ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಟ್ರ್ಯಾಲಿ ಎತ್ತುವ ಜಾಕಿನಿಂದ ಹಿಡಿದು ಟಿಪ್ಪರ್, ಜೆಸಿಬಿ, ಭತ್ತ ಕೊಯ್ಯುವ ಮಷಿನ್ನಿನವರೆಗೆ, ಎಣ್ಣೆಯ ಬಲದಿಂದ ಏಳುವ, ಇಳಿಯುವ ಏನೇ ಇರಲಿ, ಕೆಟ್ಟರೆ ಅದು ಅವನ ಬೇವಿನ ಮರದ ಕೆಳಗೆ ಬಂದು ಮಲಗಬೇಕು. ಕೆಡದಿದ್ದರೂ ಬಂದು ಮಲಗಿದ ಉದಾಹರಣೆಗಳಿವೆ.

ದನದ ಕೊಟ್ಟಿಗೆಯಲ್ಲಿ ಅರ್ಧ ಎಮ್ಮೆಗೆ, ಅರ್ಧ ವರ್ಕ್‌ಶಾಪಿಗೆ. ಗಡಿ ಎಲ್ಲಿ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ. ಮಾವನ ಬನಿಯನ್ನಿನ ಮೂಲ ಬಣ್ಣದ ಬಗ್ಗೆಯೂ ಮನೆಯಲ್ಲಿ ಒಮ್ಮತವಿಲ್ಲ. ಊಟಕ್ಕೆ ಕೂರುವಾಗ ಕೈ ತೊಳೆಯುವುದೆಂದರೆ ಅವನಿಗೆ ಒಂದು ಔಪಚಾರಿಕತೆ. ಆದರೆ ಬಿಚ್ಚಿಟ್ಟ ಜಾಕಿನ ರಾಡಿನ ಹತ್ತಿರ ಯಾರಾದರೂ ಚಪ್ಪಲಿ ಹಾಕಿಕೊಂಡು ಬಂದರೆ ಮಡಿ ಮೈಲಿಗೆಯ ಮಾತೆಲ್ಲ ಹೊರಬೀಳುತ್ತದೆ. ‘ಏಯ್, ದೂರ ನಿಂದ್ರಪ! ಧೂಳು ಬಿದ್ರ ಮುಗೀತು.’

ಇದರಲ್ಲಿ ಅವನದು ಹುಚ್ಚಲ್ಲ. ಒಂದು ಮರಳ ಕಣ ಸೀಲಿನ ತುಟಿಗೆ ಸಿಕ್ಕಿಕೊಂಡರೆ ಸಾಕು, ರಾಡ್ ಮೇಲೆ ಕೆಳಗೆ ಆಡಿದ ಹಾಗೆಲ್ಲ ಕ್ರೋಮಿನ ಮೇಲೆ ಗೆರೆ ಕೊರೆಯುತ್ತದೆ. ಗೆರೆ ಬಿದ್ದ ರಾಡಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಅದು ಹರಿಯುವವರೆಗಿನ ಮಾತು. ಒರೆಸುವ ಬಟ್ಟೆಯೂ ನೂಲು ಬಿಡಬಾರದು. ನೂಲು ಬಿಡದ ಬಟ್ಟೆ ಯಾವುದು? ನೂರು ಸಲ ಒಗೆದು ಮೆತ್ತಗಾದ ಹತ್ತಿ ಸೀರೆ. ಅತ್ತೆಯ ಸೀರೆಗಳು ಒಂದೊಂದಾಗಿ ಕೊಟ್ಟಿಗೆ ಸೇರಿದ್ದು ಹೀಗೆ. ‘ಇನ್ನೂ ಉಡೋದು ಐತ್ರೀ ಅದು’ ಎಂದು ಆಕೆ ಅನ್ನುವಷ್ಟರಲ್ಲಿ ಅಂಚು ಹರಿದ ಸದ್ದು ಕೇಳಿರುತ್ತದೆ.

ಅಡುಗೆಮನೆಯೂ ಪೂರ್ತಿ ಆಕೆಯದಲ್ಲ. ಪಿಸ್ಟನ್ನಿಗೆ ಹಾಕುವ ಗಟ್ಟಿ ರಿಂಗುಗಳನ್ನು ಬಿಸಿನೀರಲ್ಲಿಟ್ಟು ಮೆತ್ತಗೆ ಮಾಡಿಕೊಂಡರೆ ಮುರಿಯದೆ ಕೂರುತ್ತವೆ. ಹಾಗಾಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದರೆ ಅದರಲ್ಲಿ ಚಹಾ ಇದೆಯೋ ಜಾಕಿನ ಸಾಮಾನಿದೆಯೋ ಹೇಳಲಾಗದು. ಬೀಗರು ಬಂದ ದಿನ ಎರಡೂ ಇದ್ದವಂತೆ. ಬೀಗರು ಕುಡಿದು, ರುಚಿಯಾಗಿದೆ ಎಂದು ಹೋದರು.

ಮಾವನ ಭಂಡಾರ ತುಂಬಿದ್ದು ಜಿಲ್ಲೆಯ ಒಂದು ದೊಡ್ಡ ಸಂಕಟದಿಂದ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ಸಂಡೂರು, ಹೊಸಪೇಟೆಯ ಕಡೆ ಹಗಲು ರಾತ್ರಿ ಅದಿರು ಹೊತ್ತ ಟಿಪ್ಪರುಗಳು ಕೆಲಸವಿಲ್ಲದೆ ನಿಂತವು. ಸಾಲ ಮಾಡಿ ಲಾರಿ ಕೊಂಡವರು ತಲೆಯ ಮೇಲೆ ಕೈ ಹೊತ್ತು ಕೂತರು. ಮಾವ ಗುಜರಿ ಅಂಗಡಿಗೆ ಹೊರಟ. ಕೊಳವೆಯೊಳಗೆ ಕೊಳವೆ, ಅದರೊಳಗೆ ಮತ್ತೊಂದು ಕೊಳವೆ ಇರುವ ಟಿಪ್ಪರ್ ಜಾಕುಗಳನ್ನು ತೂಕದ ಲೆಕ್ಕದಲ್ಲಿ ತಂದ. ಅದಿರಿನ ಕೆಂಪು ಧೂಳು ಅವನ ಕೊಟ್ಟಿಗೆಯ ಗೋಡೆಯಿಂದ ಇವತ್ತಿಗೂ ಹೋಗಿಲ್ಲ. ‘ಗಣಿ ಹಣ ಯಾರ್‍ಯಾರಿಗೋ ಹೋತು, ನನಗ ಇಷ್ಟ್ ಬಂತು’ ಎಂದು ಹಂಚಿನವರೆಗೆ ಪೇರಿಸಿದ ಕಬ್ಬಿಣವನ್ನು ತೋರಿಸುತ್ತಾನೆ.

ಹಳೆಯದರ ಮೇಲೆ ಅವನಿಗಿರುವ ಪ್ರೀತಿ ಹೊಸದರ ಮೇಲಿಲ್ಲ. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಸುದ್ದಿ ಪೇಪರಿನಲ್ಲಿ ಬಂದ ದಿನ ಮನೆಯಲ್ಲಿ ಸೂತಕದ ವಾತಾವರಣ. ಎತ್ತಿ ನಿಲ್ಲಿಸಿದ ರೋಟವೇಟರ್ ಚಹಾ ಕುಡಿದು ಬರುವಷ್ಟರಲ್ಲಿ ನೆಲ ಮುಟ್ಟಿತು ಎಂದು ಯಾರಾದರೂ ಹಳೇ ಗಾಡಿ ತಂದರೆ ಅವನ ಮುಖ ಅರಳುತ್ತದೆ. ‘ಒಳಗ ಪಿಸ್ಟನ್ ರಿಂಗ್ ಹೋಗೇತಿ. ಸಂಜಿಗೆ ಬಾ.’ ಯಾವ ಸಂಜೆ ಎಂದು ಅವನು ಹೇಳುವುದಿಲ್ಲ, ತಿಳಿದವರು ಕೇಳುವುದಿಲ್ಲ. ಕೊಯ್ಲಿನ ಕಾಲದಲ್ಲಂತೂ ಬೇವಿನ ಮರದ ಕೆಳಗೆ ಟ್ರ್ಯಾಲಿಗಳ ಪಾಳಿ ಬೀದಿಯ ತಿರುವು ದಾಟಿರುತ್ತದೆ.

ದುಡ್ಡಿನ ಮಾತಿಗೆ ಅವನು ನಾಚುತ್ತಾನೆ. ಅವನಿಗೆ ಬೇಕಾದ್ದು ಕಿವಿ. ಬೋರಿನ ಅಗಲ 100 ಮಿಲಿಮೀಟರ್, ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡ ಅಂದರೆ ಎಷ್ಟು ಟನ್ ಎತ್ತುತ್ತದೆ ಎಂದು ಕೇಳಿ, ನೀವು ಬಾಯಿ ತೆರೆಯುವ ಮುಂಚೆ ‘ಹನ್ನೆರಡಕ್ಕ ಸ್ವಲ್ಪ ಕಮ್ಮಿ’ ಎಂದು ತಾನೇ ಉತ್ತರಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇರುತ್ತದೆ, ಅದೇ ನಮ್ಮ ಕಷ್ಟ. ಆಮೇಲೆ ಇಂಗ್ಲೆಂಡಿನ ಬ್ರಾಮಾ ಬರುತ್ತಾನೆ. 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ ಜೋಸೆಫ್ ಬ್ರಾಮಾನನ್ನು ಕಾಡಿದ್ದೂ ಲೀಕೇ. ಅವನ ಹತ್ತಿರ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೆ ತೊಗಲಿನ ಬಟ್ಟಲು ಮಾಡಿ ಕೂರಿಸಿದನಂತೆ. ಒತ್ತಡ ಹೆಚ್ಚಿದಷ್ಟೂ ಬಟ್ಟಲಿನ ಅಂಚು ಗೋಡೆಗೆ ಇನ್ನಷ್ಟು ಅಂಟಿ ನೀರನ್ನು ತಡೆಯಿತು. ಇವತ್ತು ಸೀಲ್ ಕಿಟ್ಟಿನಲ್ಲಿ ಬರುವ ರಬ್ಬರಿನ ಯು-ಸೀಲ್ ಮಾಡುವುದೂ ಅದನ್ನೇ. ಇಷ್ಟಕ್ಕೆ ನಿಲ್ಲಿಸಿದರೆ ಅವನು ಮಾವ ಹೇಗಾದಾನು? ‘ನಮ್ಮ ಕಪಿಲಿ ಬಾನಿ ತೊಗಲಿಂದs ಅಲ್ಲೇನು? ಅವರು ನಮ್ಮನ್ನ ನೋಡಿ ಕಲ್ತಿರಬೇಕು.’ ಬಾವಿಯಿಂದ ಎತ್ತು ಕಟ್ಟಿ ನೀರು ಸೇದುವ ಕಪಿಲೆಯನ್ನು ಲಂಡನ್ನಿನ ಆ ಮಾಡ್‌ಸ್ಲೆ ಎಲ್ಲಿ ನೋಡಿದ್ದ ಎಂದು ಕೇಳುವ ಧೈರ್ಯ ಯಾರಿಗಿದೆ, ಜಾಕ್ ಅವನ ಕೈಯಲ್ಲಿರುವಾಗ?

ಎಣ್ಣೆಯ ಭಯ ಮಾತ್ರ ಅವನಿಗೆ ನಿಜವಾಗಿ ಇದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ; ಹೊರಗೆ ಚುಕ್ಕೆ ಕಂಡರೆ ಒಳಗೆ ಬೆರಳೇ ಕೊಳೆಯಬಹುದು, ತಕ್ಷಣ ಆಪರೇಷನ್ ಆಗಬೇಕು. ಹಾಗಾಗಿ ಪೈಪಿನ ಲೀಕನ್ನು ಕೈಯಿಂದ ಹುಡುಕುವವರನ್ನು ಕಂಡರೆ ಕಿರುಚುತ್ತಾನೆ. ತಾನು ಹುಡುಕುವುದು ದಪ್ಪ ರಟ್ಟಿನ ಲಗ್ನಪತ್ರಿಕೆ ಹಿಡಿದು. ಮನೆಗೆ ಬಂದ ಪತ್ರಿಕೆಗಳೆಲ್ಲ ಎಣ್ಣೆಯಲ್ಲಿ ನೆಂದು ತಾರೀಖು ಅಳಿಸಿಹೋಗುವುದರಿಂದ ಮಾವ ಮದುವೆಗಳಿಗೆ ಒಂದೋ ಮುನ್ನಾ ದಿನ ಹೋಗುತ್ತಾನೆ, ಇಲ್ಲವೇ ಹೆಣ್ಣು ಒಪ್ಪಿಸಿದ ಮೇಲೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಡೀ ಸೀಮೆ ಎದೆ ಹಿಡಿದುಕೊಂಡಿತು. ವಿಜಯನಗರದ ಕಾಲದ ದೇಶನೂರು ಕಾಲುವೆಯಿರಲಿ, ಹೊಸ ಕಾಲುವೆಯಿರಲಿ, ನೀರು ಆ ಹೊಳೆಯದೇ. ಚಹಾ ಹೋಟೆಲಿನಲ್ಲಿ ಮಾವನ ತೀರ್ಪು ಬಂದೇಬಿಟ್ಟಿತು: ‘ಸರಪಳಿ ನಂಬಿದ್ರು. ಎಣ್ಣಿ ನಂಬಬೇಕಾಗಿತ್ತು.’ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸುವ ಕೆಲಸಕ್ಕೆ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು, ವಾರದೊಳಗೆ ಅದನ್ನು ಮಾಡಿ ತೋರಿಸಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅತ್ತೆಗೆ ಹೇಳಿದ: ‘ನೋಡ್ದೇನು, ಆ ಯಜಮಾನ್ರು ರಿಟೈರ್ ಆಗಿ ಎಷ್ಟ್ ವರ್ಷಾತು! ನನಗ ಕೆಲಸ ಬಿಡು ಅಂತೀದಿ.’

ಜಾಕ್ ಜೋಡಿಸಿದ ಮೇಲೆ ಅವನ ಕೈಯಲ್ಲಿ ಒಂದೆರಡು ಓ-ರಿಂಗ್ ಉಳಿಯುವುದು ವಾಡಿಕೆ. ಊರವರು ನಗುತ್ತಾರೆ. ಆದರೆ ಒಂದೇ ಕಿಟ್ ಹಲವು ಮಾಡೆಲಿಗೆ ಬರುವಂತೆ ಮಾಡಿರುವುದರಿಂದ ಉಳಿಯುವುದೇ ಸರಿ ಎಂದು ಅವನು ಸಾಧಿಸುತ್ತಾನೆ. ಹೆಚ್ಚಿನ ಸಲ ಅವನು ಹೇಳುವುದೇ ನಿಜ; ಉಳಿದ ಸಲ ಟ್ರ್ಯಾಲಿ ಮಾರನೆಯ ದಿನ ವಾಪಸ್ ಬರುತ್ತದೆ.

ಈಚೆಗೆ ಮಗ ಬ್ಯಾಂಕ್ ಸಾಲದ ಮೇಲೆ ಹೊಸ ಟ್ರ್ಯಾಕ್ಟರ್ ತಂದಿದ್ದಾನೆ. ಹೈಡ್ರಾಲಿಕ್ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಶೋರೂಮಿನಲ್ಲೇ ಹೇಳಿ ಕಳಿಸಿದ್ದಾರೆ. ಒಂದು ಹನಿ ಎಣ್ಣೆ ಸುರಿಯದೆ ಅದು ಅಂಗಳದಲ್ಲಿ ನಿಂತಿರುವುದನ್ನು ಮಾವ ಬೆಳಿಗ್ಗೆ ಸಂಜೆ ಸುತ್ತಿ ನೋಡುತ್ತಾನೆ. ಲಿಫ್ಟನ್ನು ಎತ್ತಿಸಿ, ಕೆಳಗಿಳಿಯುತ್ತದೇನೋ ಎಂದು ಊಟ ಬಿಟ್ಟು ಕಾಯುತ್ತಾನೆ. ಇಳಿಯುವುದಿಲ್ಲ. ‘ಏನೋ ದೋಷ ಐತಿ ಇದರಾಗ’ ಎಂದು ಮಗನ ಮುಂದೆ ಅನುಮಾನ ಬಿತ್ತಿದ್ದಾನೆ. ವಾರಂಟಿ ಮುಗಿಯುವ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಗ್ರೀಸಿನಲ್ಲಿ ಬರೆದಿಟ್ಟುಕೊಂಡಿದ್ದಾನೆ. ಅತ್ತೆ ಅದನ್ನು ಓದಿಕೊಂಡು, ದೊಡ್ಡ ಪಾನಾವನ್ನು ಅಕ್ಕಿ ಡಬ್ಬಿಯಲ್ಲಿ ಹೂತು, ಉಳಿದ ಎರಡು ಸೀರೆಗಳನ್ನು ತವರಿಗೆ ಕಳಿಸಿದ್ದಾಳೆ.